ದೂರದ ಊರಿನ ಮರಣ ಪುಸ್ತಕದಲ್ಲಿ ನಮ್ಮವರ ಹೆಸರು



ನವೆಂಬರ್ ಬಂತೆಂದರೆ ನಮ್ಮ ಸಿಮಿತ್ರಿಗಳಲ್ಲಿ ಹುಲ್ಲು ಕೆರೆಯುವ, ಶಿಲುಬೆಗಳಿಗೆ ಸುಣ್ಣ ಬಳಿಯುವ ಕೆಲಸ ನಡೆಯುತ್ತದೆ. ಎರಡನೇ ತಾರೀಕು ಬಲಿಪೂಜೆಯ ಬಳಿಕ ಗೋರಿಗಳ ಆಶೀರ್ವಾದ. ಹೂವು, ಮೇಣದ ಬತ್ತಿ ಹಿಡಿದು ಒಂದೊಂದು ಮನೆಯವರು ಒಂದೊಂದು ಗೋರಿಯ ಬಳಿ ನಿಲ್ಲುತ್ತಾರೆ. ಆದರೆ ಪ್ರತಿ ವರ್ಷವೂ ಕೆಲವರು ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿ ಸುಮ್ಮನೆ ಹೋಗುತ್ತಾರೆ. ಅವರವರ ಗೋರಿ ಇಲ್ಲಿಲ್ಲ. ಮುಂಬೈಗೆ ಹೋದವರು, ಘಟ್ಟ ಹತ್ತಿದವರು, ಕರಾಚಿಗೆ, ಬರ್ಮಾಕ್ಕೆ, ಆಫ್ರಿಕಾಕ್ಕೆ, ಗಲ್ಫಿಗೆ ಹೋದವರು. ಕೆಲವರ ಸುದ್ದಿ ಬಂತು, ದೇಹ ಬರಲಿಲ್ಲ. ಕೆಲವರ ಸುದ್ದಿಯೂ ಬರಲಿಲ್ಲ.

ಈ ತಿಂಗಳು ನಾವು ಈ ಕೊನೆಯವರ ಬಗ್ಗೆ ಯೋಚಿಸೋಣ. ಅವರು ಎಲ್ಲಿ, ಯಾವಾಗ ತೀರಿಕೊಂಡರೆಂದು ಈಗಲಾದರೂ ತಿಳಿಯಬಹುದೇ? ತಿಳಿಯುವುದರಿಂದ ಆಗುವುದೇನು?

ಒಂದು ಮನೆಯ ಪ್ರಶ್ನೆ

ಶಿರಿಯ ಹೊಳೆಬದಿಯ ಒಂದು ಮನೆಯವರು ನಮ್ಮಲ್ಲಿಗೆ ಬಂದಿದ್ದರು. ಆ ಮನೆಯ ಹಿರಿಯರಾದ ಅಜ್ಜಿಗೆ ಎಂಬತ್ತು ದಾಟಿದೆ. ಅವರು ಹತ್ತು ವರ್ಷದ ಹುಡುಗಿಯಾಗಿದ್ದಾಗ ದೊಡ್ಡಣ್ಣ ಮಂಗಳೂರಿನ ಬಂದರಿನಿಂದ ಹಡಗು ಹತ್ತಿ ಬೊಂಬಾಯಿಗೆ ಹೋದರು. ಎರಡು ವರ್ಷ ಮನಿಯಾರ್ಡರ್ ಬಂತು, ನಾಲ್ಕೈದು ಕಾಗದ ಬಂತು. ಆಮೇಲೆ ಏನೂ ಇಲ್ಲ. ತಾಯಿ ಸಾಯುವವರೆಗೂ ಪ್ರತಿ ರಾತ್ರಿ ತೇರ್ಸ್ ಮುಗಿದ ಮೇಲೆ ‘ಬೊಂಬಾಯಿಯಲ್ಲಿ ಇರುವವನಿಗೆ’ ಎಂದು ಒಂದು ‘ಪರಲೋಕದ ತಂದೆ’ ಹೇಳಿಸುತ್ತಿದ್ದರಂತೆ. ಆ ಅಭ್ಯಾಸ ಮನೆಯಲ್ಲಿ ನಿಂತಿಲ್ಲ.

ಅಜ್ಜಿ ಕೇಳಿದ್ದು ಇಷ್ಟೇ: “ಫಾದರ್, ನಾನು ಅಣ್ಣನನ್ನು ಬದುಕಿರುವವರ ಲೆಕ್ಕದಲ್ಲಿ ಪ್ರಾರ್ಥಿಸುವುದೋ, ಸತ್ತವರ ಲೆಕ್ಕದಲ್ಲೋ? ನಾನು ಹೋಗುವ ಮೊದಲು ಗೊತ್ತಾಗಬೇಕು.”

ಇದು ಬರೀ ಲೆಕ್ಕದ ಪ್ರಶ್ನೆಯಲ್ಲ. ಸತ್ತರೆಂದು ಗೊತ್ತಾದವರಿಗಾಗಿ ನಾವು ಅಳುತ್ತೇವೆ, ಪೂಜೆ ಹೇಳಿಸುತ್ತೇವೆ, ನಿಧಾನವಾಗಿ ಸಮಾಧಾನವಾಗುತ್ತೇವೆ. ಕಾಣೆಯಾದವರಿಗಾಗಿ ಅಳುವುದಕ್ಕೂ ಆಗುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ.

ನಮ್ಮ ಇಗರ್ಜಿಯ ಪುಸ್ತಕಗಳು

ಇಂಥ ಹುಡುಕಾಟ ಕಂಪ್ಯೂಟರಿನ ಮುಂದೆ ಶುರುವಾಗಬೇಕೆಂದು ಈಗಿನ ಮಕ್ಕಳು ತಿಳಿಯುತ್ತಾರೆ. ಅದು ಶುರುವಾಗಬೇಕಾದದ್ದು ಇಗರ್ಜಿಯ ಕಪಾಟಿನಲ್ಲಿ.

ದೀಕ್ಷಾಸ್ನಾನ ಮತ್ತು ವಿವಾಹಗಳನ್ನು ಪ್ರತಿ ಧರ್ಮಕೇಂದ್ರದಲ್ಲಿ ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. 1614ರಲ್ಲಿ ಐದನೇ ಪೌಲ್ ಪೋಪರ ಕಾಲದ ರೋಮನ್ ವಿಧಿಗ್ರಂಥ ಮೃತರ ಪುಸ್ತಕವನ್ನೂ ಸೇರಿಸಿತು. ಈಗಿನ 1983ರ ಧರ್ಮಸಭೆಯ ಕಾನೂನೂ ಇದನ್ನೇ ಹೇಳುತ್ತದೆ: 535ನೇ ವಿಧಿ ಈ ಮೂರು ಪುಸ್ತಕಗಳನ್ನು ಇಡಬೇಕೆನ್ನುತ್ತದೆ, 1182ನೇ ವಿಧಿ ಅಂತ್ಯಕ್ರಿಯೆಯ ಬಳಿಕ ಮೃತರ ಪುಸ್ತಕದಲ್ಲಿ ಬರೆಯಬೇಕೆನ್ನುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಮಿತಿಯಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. 1799ರ ನಂತರ ಮರಳಿದವರು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಆದ್ದರಿಂದ ಅದಕ್ಕೂ ಹಿಂದಿನ ಪುಸ್ತಕಗಳನ್ನು ನಮ್ಮಲ್ಲಿ ನಿರೀಕ್ಷಿಸುವಂತಿಲ್ಲ. ಇನ್ನೊಂದು ಮಾತು: ಈಗ ನೀವು ಸೇರಿರುವ ಇಗರ್ಜಿ ನಿಮ್ಮ ಮುತ್ತಜ್ಜನ ಕಾಲದಲ್ಲಿ ಇಲ್ಲದೇ ಇರಬಹುದು. ಆಗ ತಾಯಿ ಇಗರ್ಜಿಯ ಪುಸ್ತಕ ನೋಡಬೇಕು. ನಮ್ಮ ಕಾಸರಗೋಡು ಕಡೆಯವರಿಗೆ 1890ರಲ್ಲಿ ಸ್ಥಾಪನೆಯಾದ ಬೇಳದ ಶೋಕಮಾತೆಯ ಇಗರ್ಜಿ ಗೊತ್ತೇ ಇದೆ. ಎಷ್ಟೋ ಮನೆಗಳ ಹಳೆಯ ಹೆಸರುಗಳು ಇಂಥ ಹಿರಿಯ ಇಗರ್ಜಿಗಳ ಪುಸ್ತಕಗಳಲ್ಲಿರುತ್ತವೆ.

ಅಂಚಿನಲ್ಲಿ ಬರೆದ ಸಣ್ಣ ಸಾಲು

ಈಗ ಮುಖ್ಯ ವಿಷಯ. ದೀಕ್ಷಾಸ್ನಾನದ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕದಲ್ಲಿ ಖಾಲಿ ಅಂಚು ಇರುತ್ತದೆ. ಆ ವ್ಯಕ್ತಿ ಪ್ರಪಂಚದ ಯಾವ ಮೂಲೆಯ ಕಥೋಲಿಕ ಇಗರ್ಜಿಯಲ್ಲಿ ಮದುವೆಯಾದರೂ ಅಲ್ಲಿನ ಗುರುಗಳು ದೀಕ್ಷಾಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಬೇಕು, ಇಲ್ಲಿನ ಗುರುಗಳು ಅದನ್ನು ಅಂಚಿನಲ್ಲಿ ಬರೆಯಬೇಕು. 1907ರಲ್ಲಿ ಹೊರಟ ‘ನೆ ತೆಮೆರೆ’ ಎಂಬ ಆಜ್ಞೆ 1908ರ ಪಾಸ್ಕ ಹಬ್ಬದಿಂದ ಇದನ್ನು ಕಡ್ಡಾಯ ಮಾಡಿತು. ಒಬ್ಬರಿಗೆ ಎರಡು ಮದುವೆ ಆಗಬಾರದೆಂಬುದು ಅದರ ಉದ್ದೇಶ. ಆದರೆ ನೂರು ವರ್ಷಗಳ ಬಳಿಕ ಅದೇ ಸಾಲು ಊರು ಬಿಟ್ಟವರ ಹೆಜ್ಜೆಗುರುತಾಗಿ ಉಳಿದಿದೆ.

ಮದುವೆಯನ್ನು ಹುಟ್ಟೂರಿಗೆ ತಿಳಿಸಬೇಕೆಂಬ ನಿಯಮವಿದೆ, ಮರಣವನ್ನು ತಿಳಿಸಬೇಕೆಂಬ ನಿಯಮವಿಲ್ಲ. ಮರಣ ಬರೆಯುವುದು ಅಂತ್ಯಕ್ರಿಯೆ ನಡೆದ ಊರಿನಲ್ಲಿ ಮಾತ್ರ. ನಮ್ಮವರು ನಮ್ಮ ಕಣ್ಣಿನಿಂದ ಜಾರಿಹೋಗುವುದು ಈ ಜಾಗದಲ್ಲಿಯೇ. ಹಾಗಾಗಿ ಹುಡುಕುವ ದಾರಿ ಹೀಗಿದೆ: ಹುಟ್ಟೂರಿನ ದೀಕ್ಷಾಸ್ನಾನದ ಪುಸ್ತಕ, ಅದರ ಅಂಚಿನಲ್ಲಿ ಮದುವೆಯ ಊರು, ಆ ಊರಿನ ವಿವಾಹದ ಪುಸ್ತಕ, ಅಲ್ಲಿಂದ ಅವರ ಮಕ್ಕಳ ದೀಕ್ಷಾಸ್ನಾನ, ಕೊನೆಗೆ ಮೃತರ ಪುಸ್ತಕ.

ಶಿರಿಯದ ಅಜ್ಜಿಯ ಅಣ್ಣನ ಹೆಸರಿನ ಪಕ್ಕದಲ್ಲಿ ಮಾಸಿದ ಶಾಯಿಯಲ್ಲಿ ಒಂದು ಸಾಲಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಮದುವೆ, ಮುಂಬೈಯ ಒಂದು ಇಗರ್ಜಿಯ ಹೆಸರು.

ಪೋಲಂಡಿನವರ ಪಾಠ

ಹೀಗೆ ಹುಡುಕುವವರು ನಾವು ಮಾತ್ರವಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ 1914ರ ಯುದ್ಧದವರೆಗೆ ಪೋಲಂಡಿನ ಬಡ ರೈತರು ಲಕ್ಷಗಟ್ಟಲೆ ಅಮೆರಿಕಕ್ಕೆ ಹೋದರು. ಗಣಿಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ, ಕಸಾಯಿಖಾನೆಗಳಲ್ಲಿ ದುಡಿದರು. ಹೋದಲ್ಲೆಲ್ಲ ಇಗರ್ಜಿ ಕಟ್ಟಿದರು. ಶಿಕಾಗೋದ ಸಂತ ಸ್ಟಾನಿಸ್ಲಾವ್ ಕೋಸ್ಟ್ಕಾ ಧರ್ಮಕೇಂದ್ರ 1867ರಲ್ಲಿ ಹುಟ್ಟಿದ್ದು ಹೀಗೆ. ಅವರ ಮೊಮ್ಮಕ್ಕಳು ಈಗ ಅಜ್ಜನ ಹಳ್ಳಿ ಯಾವುದೆಂದು ಹುಡುಕುತ್ತಾರೆ, ಹಳ್ಳಿಯಲ್ಲಿ ಉಳಿದವರ ಮೊಮ್ಮಕ್ಕಳು ಅಜ್ಜನ ತಮ್ಮ ಎಲ್ಲಿ ಸತ್ತನೆಂದು ಹುಡುಕುತ್ತಾರೆ. ಇಬ್ಬರಿಗೂ ಸೇತುವೆಯಾಗುವುದು ಅಮೆರಿಕದ ಮರಣ ಪತ್ರ. ಅದರಲ್ಲಿ ಸತ್ತವರ ತಂದೆಯ ಹೆಸರು, ತಾಯಿಯ ತವರಿನ ಮನೆತನದ ಹೆಸರು, ಹುಟ್ಟಿದ ಸ್ಥಳ, ಮಾಹಿತಿ ಕೊಟ್ಟವರ ಹೆಸರು ಇವೆಲ್ಲವನ್ನೂ ಕೇಳಿರುತ್ತಾರೆ.

ಆದರೆ ಅವರಿಗೆ ಎದುರಾಗುವ ಎರಡು ತೊಡಕುಗಳು ನಮ್ಮವೂ ಹೌದು.

ಮೊದಲನೆಯದು ಹೆಸರು. ಪೋಲಂಡಿನ ‘ವೊಯ್ಚೆಖ್’ ಲತೀನ್ ಪುಸ್ತಕದಲ್ಲಿ ‘ಅದಾಲ್ಬೆರ್ತುಸ್’ ಆಗುತ್ತಾನೆ, ಅಮೆರಿಕದಲ್ಲಿ ‘ಆಲ್ಬರ್ಟ್’ ಆಗಿ ಸಾಯುತ್ತಾನೆ. ಮೂರೂ ಒಬ್ಬನೇ. ನಮ್ಮಲ್ಲಿ? ಲತೀನಿನ ‘ಯೊವಾನ್ನೆಸ್’ ಮನೆಯಲ್ಲಿ ‘ಜುವಾಂವ್’, ಮುಂಬೈಯ ಆಫೀಸಿನಲ್ಲಿ ‘ಜಾನ್’. ‘ಇಗ್ನಾತಿಯುಸ್’ ನಮಗೆ ‘ಇನಾಸ್’. ಮನೆತನದ ಹೆಸರೂ ಹಾಗೆಯೇ. ಡಿಸೋಜ ಒಂದು ಕಡೆ ‘ಡಿಸೋಜ’, ಇನ್ನೊಂದು ಕಡೆ ‘ದೆ ಸೋಜ’, ಮತ್ತೊಂದು ಕಡೆ ಬರೇ ‘ಸೋಜ’. ರೊಡ್ರಿಗಸ್ ‘ರೊಡ್ರಿಕ್ಸ್’ ಆದದ್ದುಂಟು. ಒಂದೇ ಅಕ್ಷರ ಹಿಡಿದು ಹುಡುಕಿದವರಿಗೆ ಸಿಗುವುದಿಲ್ಲ. ತಂದೆಯ ಹೆಸರು, ತಾಯಿಯ ಹೆಸರು, ಊರು, ವಯಸ್ಸು, ಈ ನಾಲ್ಕರಲ್ಲಿ ಮೂರಾದರೂ ಹೊಂದಿದರೆ ಮಾತ್ರ ‘ಇವರೇ’ ಎನ್ನಬೇಕು.

ಎರಡನೆಯದು ಊರು. ಪೋಲಂಡ್ ದೇಶ 1795ರಿಂದ 1918ರವರೆಗೆ ನಕಾಶೆಯಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡಿದ್ದವು. ಹಾಗಾಗಿ ಅಮೆರಿಕದ ಮರಣ ಪತ್ರದಲ್ಲಿ ಹುಟ್ಟೂರು ‘ರಷ್ಯಾ’ ಎಂದೋ ‘ಆಸ್ಟ್ರಿಯಾ’ ಎಂದೋ ಇರುತ್ತದೆ. ಶಿರಿಯದವರೇ, ಕುಂಬಳೆ, ಮಂಜೇಶ್ವರದವರೇ, ಇದು ನಮಗೆ ಅರ್ಥವಾಗದ ಮಾತೇ? 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಅದಕ್ಕೂ ಮೊದಲು ಆ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಆ ದಿನದಿಂದ ನಾವು ಕೇರಳದವರಾದೆವು, 1984ರಲ್ಲಿ ಕಾಸರಗೋಡು ಜಿಲ್ಲೆಯೂ ಆಯಿತು. ನಾವು ಕೂತಲ್ಲಿಂದ ಏಳಲಿಲ್ಲ, ಆದರೆ ನಮ್ಮ ಊರಿನ ವಿಳಾಸ ಬದಲಾಗುತ್ತಾ ಹೋಯಿತು. ಹಾಗಾಗಿ ದೂರದ ಊರಿನ ಪುಸ್ತಕದಲ್ಲಿ ನಮ್ಮ ಅಜ್ಜನ ಹುಟ್ಟೂರು ‘ಸೌತ್ ಕೆನರಾ’ ಎಂದೋ ‘ಮದ್ರಾಸ್’ ಎಂದೋ ಇರಬಹುದು. ಹೆಚ್ಚಾಗಿ ಕೇಳಿದವರಿಗೆ ಸುಲಭವಾಗಲೆಂದು ‘ಮಂಗಳೂರು’ ಎಂದೇ ಬರೆಸಿರುತ್ತಾರೆ. ಕೇರಳ ಎಂದು ಹುಡುಕಿದರೆ ಸಿಗುವುದಿಲ್ಲ.

ಒಂದು ವಿಶೇಷ ನೋಡಿ. ಎರಡನೇ ಮಹಾಯುದ್ಧದಲ್ಲಿ ಮನೆ ಕಳೆದುಕೊಂಡ ಸುಮಾರು 5,000 ಪೋಲಿಷ್ ನಿರಾಶ್ರಿತರು 1943ರಿಂದ 1948ರವರೆಗೆ ಕೊಲ್ಹಾಪುರದ ಬಳಿ ವಳಿವಡೆ ಶಿಬಿರದಲ್ಲಿದ್ದರು. ಅಲ್ಲಿ ತೀರಿಕೊಂಡವರ ಗೋರಿಗಳು ಕೊಲ್ಹಾಪುರದಲ್ಲಿವೆ. ಆ ಮನೆತನಗಳಿಗೆ ನಮ್ಮ ದೇಶವೇ ‘ದೂರದ ಊರು’.

ಎಲ್ಲೆಲ್ಲಿ ಹುಡುಕಬೇಕು?

ಮುಂಬೈಯಲ್ಲಿ ಸತ್ತವರಿಗೆ ಎರಡು ಪುಸ್ತಕಗಳಿರುತ್ತವೆ: ಇಗರ್ಜಿಯದು ಒಂದು, ನಗರಪಾಲಿಕೆಯದು ಒಂದು. ನಮ್ಮವರು ಎಷ್ಟೋ ಮಂದಿ 1865ರಲ್ಲಿ ತೆರೆದ ಶಿವಡಿಯ ದೊಡ್ಡ ಕ್ರೈಸ್ತ ಸ್ಮಶಾನದಲ್ಲಿ ಮಲಗಿದ್ದಾರೆ. ಆದರೆ ನಗರಗಳಲ್ಲಿ ಜಾಗ ಕಡಿಮೆ, ಒಂದೇ ಗುಂಡಿಯನ್ನು ಮತ್ತೆ ಮತ್ತೆ ಉಪಯೋಗಿಸುತ್ತಾರೆ. ಶಿಲುಬೆ ಸಿಗಲಿಲ್ಲವೆಂದು ನಿರಾಶರಾಗಬೇಡಿ. ಮಣ್ಣಿನಲ್ಲಿ ಗುರುತು ಅಳಿದರೂ ಪುಸ್ತಕದಲ್ಲಿ ಉಳಿದಿರುತ್ತದೆ.

ಘಟ್ಟದ ಕಾಫಿ ತೋಟಗಳಿಗೆ ಹೋದವರಿಗೆ ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಲ್ಲಿ ಆದದ್ದೆಂದು ನೆನಪಿಡಿ. ಕೊಡಗಿಗೆ ಹೋದವರನ್ನು ಮೈಸೂರು ಧರ್ಮಪ್ರಾಂತ್ಯದಲ್ಲಿ ಕೇಳಬೇಕು.

ಕರಾಚಿಗೆ ಹೋದವರ ವಿಷಯ ಕಷ್ಟ. 1947ರ ಬಳಿಕ ನಡುವೆ ಗಡಿ ಬಂತು. ಆದರೂ 1881ರಲ್ಲಿ ಕಟ್ಟಿದ ಸಂತ ಪ್ಯಾಟ್ರಿಕರ ಪ್ರಧಾನಾಲಯ ಇಂದಿಗೂ ಅಲ್ಲಿದೆ. ಗುರುಗಳಿಂದ ಗುರುಗಳಿಗೆ ಬರೆದ ಪತ್ರ ಗಡಿ ದಾಟಬಲ್ಲದು.

ಬರ್ಮಾದ ಕಥೆ ಇನ್ನೂ ಕಠಿಣ. 1931ರ ಜನಗಣತಿಯಲ್ಲಿ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. 1941ರ ಡಿಸೆಂಬರ್ 23ರಂದು ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದರು. 1942ರಲ್ಲಿ ಲಕ್ಷಾಂತರ ಮಂದಿ ಕಾಡುದಾರಿಯಲ್ಲಿ ನಡೆದುಬಂದರು, ದಾರಿಯಲ್ಲಿ ಸತ್ತವರನ್ನು ಬರೆದುಕೊಳ್ಳಲು ಯಾರೂ ಇರಲಿಲ್ಲ. ಆದರೆ ಸೈನ್ಯದಲ್ಲಿದ್ದವರ ಹೆಸರು ಉಳಿದಿದೆ. 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿ ಇಟ್ಟಿದೆ, ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತದೆ.

ಗಲ್ಫಿನಲ್ಲಾಗಲಿ ಅಮೆರಿಕದಲ್ಲಾಗಲಿ ಭಾರತೀಯ ಪ್ರಜೆ ತೀರಿಕೊಂಡರೆ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಮರಣ ದಾಖಲಿಸಬಹುದು. ಅಂಥ ದಾಖಲೆಗೆ ನಮ್ಮ 1969ರ ಜನನ ಮರಣ ನೋಂದಣಿ ಕಾಯ್ದೆಯ ಮಾನ್ಯತೆಯಿದೆ. ಅದೇ ಕಾಯ್ದೆಯ 17ನೇ ವಿಧಿಯಂತೆ ಊರಿನ ನೋಂದಣಿ ಪುಸ್ತಕದಲ್ಲಿ ಹುಡುಕಿಸಿ ಪ್ರತಿ ಪಡೆಯುವ ಹಕ್ಕು ಯಾರಿಗೂ ಇದೆ. ಆದರೆ ಸಾವಿನ ಕಾರಣವನ್ನು ಅದರಲ್ಲಿ ಬರೆದುಕೊಡುವಂತಿಲ್ಲ. ಇದು ವಿವೇಕದ ನಿಯಮ.

ಮಂಗಳೂರಿನ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ 1938ರಲ್ಲಿ ಶುರುವಾದದ್ದು. ಅಂಥ ಪತ್ರಿಕೆಗಳ ಹಳೆಯ ಸಂಚಿಕೆಗಳ ಮರಣ ವಾರ್ತೆಗಳನ್ನು ತಿರುವಿ ನೋಡಿ. ದೂರದಲ್ಲಿ ಸತ್ತವರ ಸುದ್ದಿಯನ್ನು ಯಾರಾದರೂ ಬರೆದು ಕಳುಹಿಸಿರಬಹುದು.

ಒಂದು ಎಚ್ಚರಿಕೆ. ಮರಣ ಪುಸ್ತಕ ಮರಣದ ದಿನವನ್ನು ಸರಿಯಾಗಿ ಹೇಳುತ್ತದೆ. ವಯಸ್ಸು, ಹುಟ್ಟೂರುಗಳನ್ನು ಮಾತ್ರ ಸತ್ತವರು ಬಂದು ಹೇಳಿದ್ದಲ್ಲ, ಪಕ್ಕದ ಮನೆಯವರೋ ಜೊತೆಗೆ ಕೆಲಸ ಮಾಡುವವರೋ ಅಂದಾಜಿನಿಂದ ಹೇಳಿದ್ದು. ನಾಲ್ಕೈದು ವರ್ಷ ಹೆಚ್ಚುಕಡಿಮೆಯಾದರೆ ಗಾಬರಿಯಾಗಬೇಡಿ. ಹುಟ್ಟಿಗೆ ದೀಕ್ಷಾಸ್ನಾನದ ಪುಸ್ತಕವನ್ನೂ ಸಾವಿಗೆ ಮೃತರ ಪುಸ್ತಕವನ್ನೂ ನಂಬಿ.

ಸಿಕ್ಕಿದ ಮೇಲೆ ಏನು?

ಮುಂಬೈಯ ಆ ಇಗರ್ಜಿಗೆ ನಾವು ಪತ್ರ ಬರೆದೆವು. ಎರಡು ತಿಂಗಳ ಬಳಿಕ ಉತ್ತರ ಬಂತು. ಅಣ್ಣ 1971ರಲ್ಲಿ ತೀರಿಕೊಂಡಿದ್ದರು. ಪುಸ್ತಕದಲ್ಲಿ ವಯಸ್ಸು ನಾಲ್ಕು ವರ್ಷ ಹೆಚ್ಚು ಬರೆದಿತ್ತು, ಹುಟ್ಟೂರು ‘ಮಂಗಳೂರು’. ತಂದೆತಾಯಿಯರ ಹೆಸರು ಸರಿಯಾಗಿತ್ತು. ಹೆಂಡತಿಯ ಹೆಸರಿತ್ತು. ಅವರಿಗೆ ಒಬ್ಬ ಮಗನೂ ಇದ್ದಾನೆಂದು ಅಲ್ಲಿನ ದೀಕ್ಷಾಸ್ನಾನದ ಪುಸ್ತಕದಿಂದ ತಿಳಿಯಿತು. ಕೊನೆಯ ಕಲಂನಲ್ಲಿ ‘ಅಂತಿಮ ಸಂಸ್ಕಾರಗಳನ್ನು ಪಡೆದಿದ್ದಾರೆ’ ಎಂದು ಬರೆದಿತ್ತು.

ಅಜ್ಜಿಗೆ ಓದಿ ಹೇಳಿದೆವು. ಅವರು ಕೊನೆಯ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ, “ಹಾಗಾದರೆ ಒಬ್ಬನೇ ಸತ್ತದ್ದಲ್ಲ” ಎಂದರು.

ಮನೆಯ ಇತರರ ಮುಖ ಬೇರೆಯಾಗಿತ್ತು. ಅಂಗಳಕ್ಕೆ ಬಂದು ಒಬ್ಬರು ಮೆಲ್ಲಗೆ ಕೇಳಿದರು: “ಫಾದರ್, ಆ ಮಗನಿಗೆ ಕಾಗದ ಬರೆದರೆ ನಾಳೆ ಪಾಲು ಕೇಳಿಕೊಂಡು ಬಂದರೆ?” ನಾವು ಅವರನ್ನು ದೂರುವುದಿಲ್ಲ. ಹಿಡಿ ಜಾಗದಲ್ಲಿ ಮೂರು ಮನೆ ಕಟ್ಟಿಕೊಂಡವರ ಭಯ ಸಣ್ಣದಲ್ಲ. ಆದರೆ ಪಾಲು ಕಾನೂನಿನಂತೆ ಇದ್ದರೆ ನಾವು ಹುಡುಕದಿದ್ದರೂ ಇದ್ದೇ ಇರುತ್ತದೆ, ಇಲ್ಲದಿದ್ದರೆ ಹುಡುಕಿದ ಮಾತ್ರಕ್ಕೆ ಹುಟ್ಟುವುದಿಲ್ಲ. ವಕೀಲರಲ್ಲಿ ಕೇಳಿ ನೇರವಾಗಿ ಮಾತಾಡಿಕೊಳ್ಳುವುದೇ ಒಳ್ಳೆಯದು. ಅಣ್ಣನಿಗಾಗಿ ಎಪ್ಪತ್ತು ವರ್ಷ ‘ಪರಲೋಕದ ತಂದೆ’ ಹೇಳಿದ ಮನೆ, ಅವನ ಮಗನ ವಿಳಾಸವನ್ನು ಮುಚ್ಚಿಡಬಹುದೇ? ಈ ಪ್ರಶ್ನೆಯನ್ನು ನಾವು ಅವರಲ್ಲೇ ಬಿಟ್ಟು ಬಂದೆವು. ಮೂರು ವಾರದ ಬಳಿಕ ಕಾಗದ ಹೋಯಿತು. ಬರೆಸಿದ್ದು ಅಜ್ಜಿ, ಸಹಿ ಹಾಕಿದ್ದು ಎಲ್ಲರೂ.

ಎಲ್ಲ ಹುಡುಕಾಟವೂ ಹೀಗೆ ಮುಗಿಯುವುದಿಲ್ಲ. ಎರಡನೇ ಸಂಸಾರದ ಸುದ್ದಿ ಸಿಗಬಹುದು, ಆತ್ಮಹತ್ಯೆಯ ಸುದ್ದಿ ಸಿಗಬಹುದು. ಅಂಥದ್ದನ್ನು ಮೊದಲು ಮನೆಯ ಒಬ್ಬ ಹಿರಿಯರಿಗೆ ತಿಳಿಸಿ, ಊರೆಲ್ಲ ಹಂಚಬೇಡಿ. ಸತ್ತವರಿಗೂ ಮಾನವಿದೆ.

ಎಲ್ಲರಿಗಿಂತ ಹೆಚ್ಚು ಕಾಯುವವಳು ಹೆಂಡತಿ. ಏಳು ವರ್ಷ ಸುದ್ದಿ ಇಲ್ಲದವರನ್ನು ಸತ್ತವರೆಂದು ನ್ಯಾಯಾಲಯ ಭಾವಿಸಬಹುದು. 1872ರ ಸಾಕ್ಷ್ಯ ಕಾಯ್ದೆಯ 108ನೇ ವಿಧಿಯಲ್ಲಿದ್ದ ಈ ಮಾತು 2024ರ ಜುಲೈಯಿಂದ ಹೊಸ ಸಾಕ್ಷ್ಯ ಅಧಿನಿಯಮದ 111ನೇ ವಿಧಿಯಲ್ಲಿದೆ. ಆದರೆ ಇಗರ್ಜಿಯಲ್ಲಿ ಮರುಮದುವೆಗೆ ವರ್ಷಗಳ ಲೆಕ್ಕ ಮಾತ್ರ ಸಾಲದು. ಗಂಡ ಎಷ್ಟೇ ಕಾಲ ಕಾಣೆಯಾಗಿದ್ದರೂ ಅದೊಂದೇ ಸಾಕ್ಷಿಯಾಗದು, ವಿಚಾರಿಸಿ ಮರಣದ ಬಗ್ಗೆ ಖಚಿತವಾದರೆ ಮಾತ್ರ ಧರ್ಮಾಧ್ಯಕ್ಷರು ಘೋಷಿಸಬಹುದು ಎನ್ನುತ್ತದೆ 1707ನೇ ವಿಧಿ. ಹಾಗಾಗಿ ದೂರದ ಪುಸ್ತಕದ ಒಂದು ಸಾಲು ಅಂಥ ಹೆಂಗಸಿನ ಇಡೀ ಬಾಳನ್ನು ಬಿಡಿಸಬಲ್ಲದು. ಆಕೆಗಾಗಿ ಹುಡುಕುವುದು ದಯೆಯ ಕಾರ್ಯ.

ಈ ತಿಂಗಳು ಮಾಡಬಹುದಾದದ್ದು

ಮನೆಯ ಹಿರಿಯರನ್ನು ಕೂರಿಸಿ ಊರು ಬಿಟ್ಟವರ ಹೆಸರು ಬರೆದುಕೊಳ್ಳಿ: ಮನೆಯಲ್ಲಿ ಕರೆಯುವ ಹೆಸರು, ಇಗರ್ಜಿಯ ಹೆಸರು, ತಂದೆತಾಯಿ, ಯಾವ ಕಡೆಗೆ ಹೋದರು, ಅಂದಾಜು ಯಾವ ವರ್ಷ. ಹಳೆಯ ಕಾಗದ, ಮನಿಯಾರ್ಡರ್ ತುಂಡುಗಳನ್ನು ಬಿಸಾಡಬೇಡಿ, ಅಂಚೆಯ ಮುದ್ರೆಯಲ್ಲಿ ಊರಿನ ಹೆಸರಿರುತ್ತದೆ. ಆ ಪಟ್ಟಿ ಹಿಡಿದುಕೊಂಡು ನಿಮ್ಮ ವಿಚಾರಣಾ ಗುರುಗಳ ಬಳಿ ಹೋಗಿ. ಪುಸ್ತಕವನ್ನು ಅವರೇ ನೋಡಿ ಹೇಳುತ್ತಾರೆ, ನಮ್ಮ ಕೈಗೆ ಕೊಡಬೇಕೆಂದು ಹಟ ಹಿಡಿಯಬೇಡಿ.

ಇನ್ನು ಈಗ ದೂರದಲ್ಲಿರುವ ಮಕ್ಕಳಿಗೊಂದು ಮಾತು. ನೀವು ಇರುವಲ್ಲಿ ನಮ್ಮ ಊರಿನವರು ಯಾರಾದರೂ ತೀರಿಕೊಂಡರೆ, ಅಂತ್ಯಕ್ರಿಯೆಯ ದಿನವನ್ನೂ ಸ್ಥಳವನ್ನೂ ಬರೆದು ಅವರ ಹುಟ್ಟೂರಿನ ಇಗರ್ಜಿಗೆ ಒಂದು ಪತ್ರ ಹಾಕಿ. ನಿಯಮ ಕೇಳದಿದ್ದರೂ ಪ್ರೀತಿ ಕೇಳುತ್ತದೆ. ಐವತ್ತು ವರ್ಷದ ಬಳಿಕ ಯಾರೋ ತಂಗಿಯೊಬ್ಬಳು, ಅಣ್ಣನಿಗಾಗಿ ಯಾವ ಪ್ರಾರ್ಥನೆ ಹೇಳಬೇಕೆಂದು ತಿಳಿಯದೆ ಕಾಯುವುದು ತಪ್ಪೀತು.

ದೂರದಲ್ಲಿ ಮಲಗಿರುವ ನಮ್ಮವರೆಲ್ಲರಿಗೆ ದೇವರು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಹುಡುಕುವ ನಿಮಗೆ ತಾಳ್ಮೆಯನ್ನೂ, ಸಿಕ್ಕಿದ ಮೇಲೆ ದೊಡ್ಡ ಮನಸ್ಸನ್ನೂ ಕೊಡಲಿ.